ಸೇನೆಯಿಂದ ತರಗತಿಗೆ ಬಂದವರ ಭರವಸೆ

ಪ್ರಶ್ನೆ: ಸೇನೆಯಲ್ಲಿ 17 ವರ್ಷ ದುಡಿದು ನಿವೃತ್ತನಾದ ನಾನು ಈಗ ಪದವಿಯ ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ಸಹಪಾಠಿಗಳೆಲ್ಲ ನನಗಿಂತ ಬಹಳ ಚಿಕ್ಕವರು. ರಾತ್ರಿಯೆಲ್ಲ ಒಬ್ಬನೇ ಕುಳಿತು ಓದಿದರೂ ಮೊದಲ ಪರೀಕ್ಷೆಯಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣನಾದೆ. ‘ಎಲ್ಲ ಒಳ್ಳೆಯದಾಗುತ್ತದೆ’ ಎಂದು ಹೆಂಡತಿ ಹೇಳಿದರೆ ಸಿಟ್ಟು ಬರುತ್ತದೆ. ಓದು ಬಿಟ್ಟು ಕಾವಲು ಕೆಲಸಕ್ಕೆ ಸೇರಲೇ?

ಉತ್ತರ: ಮಾನ್ಯರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಒಳ್ಳೆಯದೇ ಆಗುತ್ತದೆ ಎಂಬ ಸಾಮಾನ್ಯ ನಿರೀಕ್ಷೆಯನ್ನು ಮನೋವಿಜ್ಞಾನಿಗಳು ಆಶಾವಾದವೆನ್ನುತ್ತಾರೆ. ಅದು ಮನಸ್ಸಿನ ಆರೋಗ್ಯಕ್ಕೆ ಒಳ್ಳೆಯದೇ ಆದರೂ, ಅಂಕಪಟ್ಟಿ ಕೈಯಲ್ಲಿರುವ ದಿನ ಇನ್ನೊಬ್ಬರು ಹೇಳಿದ ಮಾತ್ರಕ್ಕೆ ಹುಟ್ಟುವಂಥದಲ್ಲ. ಭರವಸೆಯ ಬಗೆ ಬೇರೆ. ಅಮೆರಿಕದ ಮನೋವಿಜ್ಞಾನಿ ಸಿ. ಆರ್. ಸ್ನೈಡರ್ ಮತ್ತು ಅವರ ಸಹೋದ್ಯೋಗಿಗಳು 1991ರಲ್ಲಿ ವಿವರಿಸಿದಂತೆ, ಒಂದು ಗುರಿಯನ್ನು ತಲುಪಲು ದಾರಿಗಳನ್ನು ಹುಡುಕಬಲ್ಲ ಶಕ್ತಿ ಮತ್ತು ಆ ದಾರಿಯಲ್ಲಿ ನಡೆಯಬಲ್ಲೆನೆಂಬ ಒಳಬಲ, ಇವೆರಡೂ ಸೇರಿದರೆ ಭರವಸೆಯಾಗುತ್ತದೆ. ಇದನ್ನು ಕಲಿಯಬಹುದು, ಬೆಳೆಸಿಕೊಳ್ಳಬಹುದು.

ಮೊದಲನೆಯದರಲ್ಲಿ, ಅಂದರೆ ದಾರಿ ಹುಡುಕುವುದರಲ್ಲಿ, ನಿಮಗಿಂತ ನುರಿತವರು ಆ ತರಗತಿಯಲ್ಲಿ ಇರಲಾರರು. ಒಂದು ಯೋಜನೆ ಕೈಕೊಟ್ಟರೆ ಇನ್ನೊಂದನ್ನು ಸಿದ್ಧವಾಗಿಟ್ಟುಕೊಳ್ಳುವುದು ಸೈನಿಕನ ದಿನನಿತ್ಯದ ಅಭ್ಯಾಸ. ಆದರೆ ಓದಿನ ವಿಷಯಕ್ಕೆ ಬಂದಾಗ ಒಬ್ಬನೇ ಕುಳಿತು ರಾತ್ರಿಯೆಲ್ಲ ಓದುವ ಒಂದೇ ದಾರಿಯನ್ನು ನೀವು ನೆಚ್ಚಿಕೊಂಡಿರಿ. ಅದು ಮುಚ್ಚಿದಾಗ ಗುರಿಯೇ ತಪ್ಪೆಂದು ಭಾವಿಸಿದಿರಿ.

ಎರಡನೆಯದು, ಅಂದರೆ ಒಳಬಲ, ಸೇನೆಯಲ್ಲಿ ನಿಮಗೆ ಜೊತೆಯವರಿಂದಲೂ ಬರುತ್ತಿತ್ತು. ನಿಮ್ಮ ಪಾತ್ರವೇನು, ನಿಮ್ಮನ್ನು ಯಾರು ನಂಬಿದ್ದಾರೆ ಎಂಬುದು ಅಲ್ಲಿ ಪ್ರತಿದಿನವೂ ಸ್ಪಷ್ಟವಾಗಿತ್ತು. ಕಾಲೇಜಿನಲ್ಲಿ ಅದನ್ನು ಯಾರೂ ತಾವಾಗಿ ಕೊಡುವುದಿಲ್ಲವಾದ್ದರಿಂದ, ನಿಮಗೀಗ ಅನಿಸುತ್ತಿರುವ ಕುಗ್ಗುವಿಕೆಯನ್ನು ಬುದ್ಧಿಯ ಕೊರತೆಯೆಂದು ದಯವಿಟ್ಟು ಎಣಿಸಬೇಡಿ. ಅಮೆರಿಕದಲ್ಲಿ ಮಾಜಿ ಸೈನಿಕರ ಓದಿಗೆ ಹಣ ಒದಗಿಸಿದ 1944ರ ಕಾನೂನಿನ ನೆರವಿನಿಂದ ಎರಡನೆಯ ಮಹಾಯುದ್ಧದ ಸುಮಾರು 22 ಲಕ್ಷ ಯೋಧರು ಕಾಲೇಜು ಸೇರಿದರು. ಇವರಿಂದ ಶಿಕ್ಷಣದ ಮಟ್ಟ ಕುಸಿಯುತ್ತದೆಂದು ಕೆಲವು ವಿಶ್ವವಿದ್ಯಾಲಯಗಳ ಮುಖ್ಯಸ್ಥರೇ ಅಂಜಿದ್ದರು. ಆ ಅಂಜಿಕೆ ಸುಳ್ಳಾಯಿತು. ಅವರಲ್ಲಿ ಅನೇಕರು ಕಿರಿಯ ಸಹಪಾಠಿಗಳಿಗಿಂತ ಚೆನ್ನಾಗಿ ಓದಿದರು.

ಆದ್ದರಿಂದ ಈ ವಾರವೇ ಆ ಎರಡೂ ವಿಷಯಗಳ ಅಧ್ಯಾಪಕರನ್ನು ಉತ್ತರಪತ್ರಿಕೆಯೊಂದಿಗೆ ಕಂಡು, ಅಂಕ ಎಲ್ಲಿ ಹೋಯಿತೆಂದು ಕೇಳಿ. ನೆರವು ಕೇಳುವುದನ್ನು ದೌರ್ಬಲ್ಯವೆಂದು ಕಾಣುವುದು ಸೇನೆಯಿಂದ ಬಂದ ಹಲವರಿಗೆ ರೂಢಿಯಾಗಿರುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅವರ ಓದಿಗೆ ಅತಿ ಹೆಚ್ಚು ಹಾನಿ ಮಾಡುವುದು ಇದೇ. ಇಬ್ಬರು ಸಹಪಾಠಿಗಳನ್ನು ಜೊತೆಗೆ ಓದಲು ಕರೆಯಿರಿ. ಅವರಿಗೆ ಪಾಠದ ಲಯ ಗೊತ್ತು, ನಿಮಗೆ ಸಮಯಪಾಲನೆ ಗೊತ್ತು. ಕಾಲೇಜಿನಲ್ಲಿ ಬೇರೆ ಮಾಜಿ ಸೈನಿಕರಿದ್ದರೆ ಅವರನ್ನು ಹುಡುಕಿ ಮಾತನಾಡಿಸಿ. ‘ನಾಳೆ ಏನು ಮಾಡಬೇಕೆಂದಿದ್ದೀರಿ?’ ಎಂದು ಕೇಳಿದರೆ ತಮಗೆ ಹೆಚ್ಚು ಸಹಾಯವಾಗುತ್ತದೆಂದು ಪತ್ನಿಯವರಿಗೂ ಪ್ರೀತಿಯಿಂದಲೇ ತಿಳಿಸಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ನಿದ್ರೆ ಕೆಟ್ಟಿದ್ದರೆ, ಹಳೆಯ ಘಟನೆಗಳು ಕನಸಿನಲ್ಲಿ ಕಾಡುತ್ತಿದ್ದರೆ, ಎರಡು ವಾರಗಳಿಂದ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಮನೋವೈದ್ಯರನ್ನು ಅಥವಾ ಆಪ್ತ ಸಮಾಲೋಚಕರನ್ನು ಕಾಣಿರಿ. ಬದುಕೇ ಬೇಡವೆನಿಸಿದರೆ ಅಂದೇ, ತಡಮಾಡದೆ ಹೋಗಿ.

ಕಾವಲು ಕೆಲಸ ಗೌರವದ ಕೆಲಸ. ಮನೆಗೆ ಹಣದ ಅಗತ್ಯವಿದ್ದರೆ ಅದನ್ನು ಹಿಡಿದು, ಓದನ್ನು ಸಂಜೆಯ ತರಗತಿಗೋ ದೂರಶಿಕ್ಷಣಕ್ಕೋ ಬದಲಾಯಿಸಿಕೊಳ್ಳಬಹುದು. ಹಾಗಲ್ಲದೆ ಬರಿಯ ಅಂಕಗಳಿಗಾಗಿ ಬಿಡುವುದಾದರೆ ಈಗ ಬೇಡ. ಹೊಸ ರೀತಿಯಲ್ಲಿ ಓದಿ ಮುಂದಿನ ಪರೀಕ್ಷೆಯನ್ನು ಬರೆದ ಮೇಲೆ, ಅದರ ಫಲಿತಾಂಶವನ್ನು ನೋಡಿ ನಿರ್ಧರಿಸಿ.