ಆಲ್ಫ್ರೆಡ್‌ನ ಸ್ಕ್ರಿಪ್ಟ್ ಫಿಲ್ಟರ್‌ನಲ್ಲಿ ಫಲಿತಾಂಶ ತಾನಾಗೇ ಬದಲಾಗುತ್ತಾ ಇರಬೇಕು, ಹೇಗೆ?

ಆಲ್ಫ್ರೆಡ್ ಅಂದರೆ ಮ್ಯಾಕ್‌ನಲ್ಲಿ ಕೀವರ್ಡ್ ಟೈಪ್ ಮಾಡಿ ಕೆಲಸ ಮಾಡಿಸುವ ಆ್ಯಪ್, ಸ್ಕ್ರಿಪ್ಟ್ ಫಿಲ್ಟರ್ ಅಂದರೆ ನಿಮ್ಮ ಸ್ಕ್ರಿಪ್ಟ್ ಕೊಟ್ಟ ಫಲಿತಾಂಶವನ್ನು ಅದರ ವಿಂಡೋದಲ್ಲಿ ಪಟ್ಟಿಯಾಗಿ ತೋರಿಸುವ ಭಾಗ. ಮೊದಲು ನಿಮ್ಮ ಸ್ಕ್ರಿಪ್ಟ್‌ನಲ್ಲಿರುವ ಲೂಪ್ ತೆಗೆದುಬಿಡಿ. ಎಫ್‌ಎಫ್‌ಎಂಪೆಗ್ ಅನ್ನುವ ಕಮಾಂಡ್ ಟೂಲ್‌ನಲ್ಲಿ ವಿಡಿಯೋ ಕನ್ವರ್ಟ್ ಆಗುವಾಗ ಎಷ್ಟು ಮುಗಿಯಿತು ಅಂತ ಆಲ್ಫ್ರೆಡ್ ವಿಂಡೋದಲ್ಲೇ ಕಾಣಬೇಕು, ಅದಕ್ಕೆ ವೈಲ್ ಲೂಪ್ ಹಾಕಿ ಸೆಕೆಂಡಿಗೊಮ್ಮೆ ಜೇಸನ್ (ಆಲ್ಫ್ರೆಡ್ ಓದುವ ಡೇಟಾ ರೂಪ) ಪ್ರಿಂಟ್ ಮಾಡಿದರೂ ಏನೂ ಬರುತ್ತಿಲ್ಲ ಅಂತ ಕೇಳಿದ್ದೀರಿ. ಬರುವುದೂ ಇಲ್ಲ. ಸ್ಕ್ರಿಪ್ಟ್ ಮುಗಿಯುವ ತನಕ ಆಲ್ಫ್ರೆಡ್ ಕಾಯುತ್ತದೆ, ಆಮೇಲೆ ಬಂದದ್ದನ್ನೆಲ್ಲ ಒಂದೇ ಜೇಸನ್ ಅಂತ ಓದುತ್ತದೆ.

ನಿಮಗೆ ಬೇಕಾಗಿರುವುದು 'ರೀರನ್' ಅನ್ನುವ ಕೀ. ಜೇಸನ್‌ನಲ್ಲಿ 'ಐಟಮ್ಸ್' ಇರುವ ಮಟ್ಟದಲ್ಲೇ, ಅದರ ಪಕ್ಕದಲ್ಲಿ ಹಾಕಿ. ಅದರ ಮೌಲ್ಯ 0.1ರಿಂದ 5 ಸೆಕೆಂಡ್ ಒಳಗೆ ಇರಬೇಕು. ಸ್ಕ್ರಿಪ್ಟ್ ಒಂದು ಸಲ ಓಡಿ, ಈಗಿನ ಸ್ಥಿತಿ ಹೇಳಿ ಸತ್ತುಹೋಗಲಿ. ಅಷ್ಟು ಹೊತ್ತು ಬಿಟ್ಟು ಆಲ್ಫ್ರೆಡ್ಡೇ ಮತ್ತೆ ಕರೆಯುತ್ತದೆ.

ಇಲ್ಲೇ ಒಂದು ಗುಂಡಿ ಇದೆ. ಪ್ರತಿ ಸಲವೂ ಸ್ಕ್ರಿಪ್ಟ್ ಮೊದಲಿಂದ ಓಡುತ್ತದೆ ಅಲ್ವಾ, ಕನ್ವರ್ಟ್ ಶುರು ಮಾಡುವ ಸಾಲೂ ಅದರೊಳಗೇ ಇದ್ದರೆ ಕರೆದಾಗಲೆಲ್ಲ ಹೊಸ ಎಫ್‌ಎಫ್‌ಎಂಪೆಗ್ ಎದ್ದು ಕೂರುತ್ತದೆ, ಸ್ವಲ್ಪ ಹೊತ್ತಿಗೆ ಮ್ಯಾಕ್‌ನ ಫ್ಯಾನ್ ಕೂಗತೊಡಗುತ್ತದೆ. ಆ ಸಾಲನ್ನು ಬೇರೆ ರನ್ ಸ್ಕ್ರಿಪ್ಟ್‌ನಲ್ಲಿಟ್ಟು (ಸ್ಕ್ರಿಪ್ಟ್ ಓಡಿಸುವ ಆಲ್ಫ್ರೆಡ್‌ನ ಇನ್ನೊಂದು ಭಾಗ) ಬ್ಯಾಕ್‌ಗ್ರೌಂಡ್‌ಗೆ ಕಳಿಸಿ, ಔಟ್‌ಪುಟ್ ಮತ್ತು ಎರರ್ ಎರಡನ್ನೂ ಡೆವ್ ನಲ್‌ಗೆ, ಅಂದರೆ ಬಂದದ್ದನ್ನೆಲ್ಲ ಎಸೆದುಬಿಡುವ ಜಾಗಕ್ಕೆ, ತಿರುಗಿಸಿ. 'ನೋಎಸ್‌ಟಿಡಿಇನ್' ಆಪ್ಷನ್ ಕೊಡಿ, ಇಲ್ಲದಿದ್ದರೆ ಎಫ್‌ಎಫ್‌ಎಂಪೆಗ್ ಸುಮ್ನೆ ಕೀಬೋರ್ಡ್ ಇನ್‌ಪುಟ್‌ಗೆ ಬಾಯಿ ತೆರೆದುಕೊಂಡಿರುತ್ತದೆ.

ಎಷ್ಟಾಯಿತು ಅಂತ ತಿಳಿಯಲು ಎಫ್‌ಎಫ್‌ಎಂಪೆಗ್‌ನ 'ಪ್ರೋಗ್ರೆಸ್' ಆಪ್ಷನ್‌ಗೆ ಒಂದು ಫೈಲ್ ಹೆಸರು ಕೊಟ್ಟರೆ ಸಾಕು. ಅರ್ಧ ಸೆಕೆಂಡಿಗೊಮ್ಮೆ 'ಔಟ್‌ ಟೈಮ್' (ವಿಡಿಯೋದಲ್ಲಿ ಎಲ್ಲಿಯ ತನಕ ಮುಗಿಯಿತು ಅನ್ನುವ ಸಮಯ) ಎಲ್ಲ ಅದರೊಳಗೆ ಬರೆಯುತ್ತಾ ಹೋಗುತ್ತದೆ. ಪ್ರತಿ ಕಂತಿನ ಕೊನೆ ಸಾಲು 'ಪ್ರೋಗ್ರೆಸ್ ಈಕ್ವಲ್ಸ್ ಕಂಟಿನ್ಯೂ', ಕೆಲಸ ಮುಗಿದಾಗ ಮಾತ್ರ 'ಎಂಡ್'. ಫೈಲ್ ಬೆಳೆಯುತ್ತಲೇ ಇರುತ್ತದೆ, ಆದ್ದರಿಂದ ಫೈಲ್‌ನ ಕೊನೆಯ ಸಾಲುಗಳನ್ನಷ್ಟೇ ಕೊಡುವ ಟೇಲ್ ಕಮಾಂಡ್ ಹಾಕಿ ಕೊನೆಯ ಕಂತು ಮಾತ್ರ ಓದಿ. ಹಳೆಯ ಫೈಲನ್ನು ಶುರುವಿಗೇ ಅಳಿಸಿ, ಇಲ್ಲದಿದ್ದರೆ ಹಿಂದಿನ ಸಲದ 'ಎಂಡ್' ಕಂಡು ಮೋಸ ಹೋಗುತ್ತೀರಿ. ಅದು ಬರೆಯುವುದೇ ಅರ್ಧ ಸೆಕೆಂಡಿಗೊಮ್ಮೆ, ಹಾಗಾಗಿ ರೀರನ್ 0.5 ಸಾಕು, 0.1 ಇಡುವುದು ದಂಡ.

ವಿಡಿಯೋದ ಒಟ್ಟು ಉದ್ದವನ್ನು ಎಫ್‌ಎಫ್‌ಪ್ರೋಬ್‌ನಲ್ಲಿ (ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ, ಫೈಲ್‌ನ ಮಾಹಿತಿ ಹೇಳುವ ಟೂಲ್) ಪ್ರತಿ ಸಲ ಕೇಳಬೇಡಿ. ಒಮ್ಮೆ ಕೇಳಿ ಅದೇ ಜೇಸನ್‌ನ 'ವೇರಿಯಬಲ್ಸ್'ನಲ್ಲಿ ಇಟ್ಟರೆ ಮುಂದಿನ ಸಲ ಎನ್ವಿರಾನ್ಮೆಂಟ್ ವೇರಿಯಬಲ್ ಆಗಿ ವಾಪಸ್ ಸಿಗುತ್ತದೆ.

ಜಾಸ್ತಿ ಫೈಲ್‌ಗಳಿದ್ದರೆ ಪ್ರತಿ ಐಟಮ್‌ಗೂ ಬದಲಾಗದ ಯುಐಡಿ (ಆ ಐಟಮ್‌ನ ಗುರುತು) ಕೊಟ್ಟು, ಮೇಲ್ಮಟ್ಟದಲ್ಲಿ 'ಸ್ಕಿಪ್‌ನಾಲೆಜ್' ಟ್ರೂ ಮಾಡಿ. ನೀವು ಕೊಟ್ಟ ಕ್ರಮ ಹಾಗೇ ಇರುತ್ತದೆ, ಆರಿಸಿದ ಸಾಲೂ ರೀರನ್‌ನಲ್ಲಿ ಜಾರುವುದಿಲ್ಲ. ಇದು ಆಲ್ಫ್ರೆಡ್ 5ರಲ್ಲಿ ಇದೆ.

ಕೆಲಸ ನಡೆಯುತ್ತಿರುವಾಗ 'ವ್ಯಾಲಿಡ್' ಫಾಲ್ಸ್ ಇಡಿ, ಎಂಟರ್ ಒತ್ತಿದರೂ ಮುಂದಿನ ಆಕ್ಷನ್ ಓಡುವುದಿಲ್ಲ. 'ಎಂಡ್' ಕಂಡ ಕೂಡಲೇ ಅದನ್ನು ಟ್ರೂ ಮಾಡಿ, 'ಆರ್ಗ್'ನಲ್ಲಿ ಹೊಸ ಫೈಲ್‌ನ ಪಾತ್ ಕೊಡಿ, ರೀರನ್ ಕೀ ಬಿಟ್ಟುಬಿಡಿ. ನಡುವೆ ವಿಂಡೋ ಮುಚ್ಚಿದರೆ ನಿಲ್ಲುವುದು ರೀರನ್ ಮಾತ್ರ, ಕನ್ವರ್ಟ್ ನಡೆಯುತ್ತಲೇ ಇರುತ್ತದೆ. ಮತ್ತೆ ಕೀವರ್ಡ್ ಟೈಪ್ ಮಾಡಿದರೆ ಆಗಿನ ಲೆಕ್ಕ ತೋರಿಸುತ್ತದೆ.