ಡಿಸೈನ್ ಡಿಗ್ರೀಲಿ ನಿಟ್‌ವೇರ್ ತಗೋಬಹುದಾ?

ನೀವು ಕೇಳಿದ್ದು, ನಾನು ಕುಮಟಾದವಳು, ನಮ್ಮ ಕಡೆ ಸ್ವೆಟರ್ ಹಾಕೋರೇ ಇಲ್ಲ, ಫ್ಯಾಶನ್ ಬಿಟ್ಟು ನಿಟ್‌ವೇರ್ ತಗೊಂಡ್ರೆ ಮುಂದೆ ಕೆಲಸ ಸಿಗುತ್ತಾ ಅಂತ. ನಾನು ಶಿರಸಿಯವಳು, ನಿಟ್‌ವೇರೇ ಓದಿ ಈಗ ತಿರುಪ್ಪೂರಲ್ಲಿ ಸ್ಯಾಂಪ್ಲಿಂಗ್ ಸೆಕ್ಷನ್‌ನಲ್ಲಿದೀನಿ.

ಮೊದಲು ಸ್ವೆಟರ್ ವಿಷಯ ತಲೆಯಿಂದ ತೆಗೀರಿ. ಕಾರವಾರದಿಂದ ಭಟ್ಕಳದವರೆಗೆ ಆ ಸೆಖೇಲಿ ಜನ ದಿನಾ ಹಾಕೋ ಬನಿಯನ್, ಟೀಶರ್ಟ್, ಲೆಗ್ಗಿಂಗ್ಸ್, ಸಾಕ್ಸ್ ಎಲ್ಲಾ ನಿಟ್ಟೇ, ಅಂದ್ರೆ ನೂಲನ್ನ ಕುಣಿಕೆ ಕುಣಿಕೆಯಾಗಿ ಹೆಣೆದದ್ದು, ಸೀರೆ ಲುಂಗಿ ಥರದ್ದು ಮಗ್ಗದಲ್ಲಿ ನೇಯ್ದದ್ದು. ಉಲ್ಲನ್ ಕೆಲಸಕ್ಕೆ ಲೂಧಿಯಾನ, ಹತ್ತಿ ನಿಟ್ಟಿಗೆ ತಿರುಪ್ಪೂರು. ಕೆಲಸ ಇದೆ, ಆದ್ರೆ ಊರಲ್ಲೇ ಇದ್ಕೊಂಡು ಮಾಡೋದು ಕಷ್ಟ, ಇದನ್ನ ಮನೇಲಿ ಈಗಲೇ ಮಾತಾಡ್ಕೊಳ್ಳಿ.

ನಿಮಗೆ ಇದು ಹಿಡಿಸುತ್ತಾ ಅಂತ ನೋಡೋಕೆ ಒಂದು ಹಳೇ ಟೀಶರ್ಟ್ ಸಾಕು. ಅಡ್ಡ ಕತ್ತರಿಸಿ ಅಂಚನ್ನ ಎರಡೂ ಕಡೆಯಿಂದ ಎಳೀರಿ, ತಾನಾಗೇ ಸುರುಳಿ ಸುತ್ಕೊಳ್ಳುತ್ತೆ. ಕಣ್ಣಿಗೆ ಹತ್ತಿರ ಹಿಡಿದ್ರೆ ಮುಂದಿನ ಬದೀಲಿ ಸಣ್ಣ ಸಣ್ಣ ವಿ ಆಕಾರ, ಹಿಂದಿನ ಬದೀಲಿ ಅರ್ಧಚಂದ್ರ ಥರ ಕಾಣುತ್ತೆ, ಅದು ಸಿಂಗಲ್ ಜೆರ್ಸಿ. ಈಗ ಅದೇ ಟೀಶರ್ಟಿನ ಕುತ್ತಿಗೆ ಪಟ್ಟಿ ನೋಡಿ, ಅದು ರಿಬ್, ಎಳೆದ್ರೆ ಹಿಗ್ಗಿ ವಾಪಸ್ ಬರುತ್ತೆ, ಸುರುಳಿ ಆಗಲ್ಲ, ಯಾಕಂದ್ರೆ ಅದರಲ್ಲಿ ಕುಣಿಕೆಗಳು ಒಂದು ಉದ್ದ ಸಾಲು ಮುಂದಕ್ಕೆ ಪಕ್ಕದ ಉದ್ದ ಸಾಲು ಹಿಂದಕ್ಕೆ ಬಂದಿರ್ತಾವೆ, ಎರಡೂ ಕಡೆಯ ಎಳೆತ ಸರಿಹೋಗುತ್ತೆ. ಇದನ್ನ ನೋಡಿ ನಿಮಗೆ ಇನ್ನೊಂದು ಬಟ್ಟೆ ಕತ್ತರಿಸಿ ನೋಡೋಣ ಅನ್ಸಿದ್ರೆ ಧೈರ್ಯವಾಗಿ ತಗೊಳ್ಳಿ.

ಯಾಕಂದ್ರೆ ಫ್ಯಾಶನ್‌ನಲ್ಲಿ ಹೆಚ್ಚಾಗಿ ತಯಾರಾದ ಬಟ್ಟೆ ಕೈಗೆ ಬರುತ್ತೆ, ಇಲ್ಲಿ ನೂಲಿಂದಲೇ ಶುರು. ಒಂದು ಇಂಚಿಗೆ ಎಷ್ಟು ಸೂಜಿ ಅನ್ನೋದೇ ಗೇಜ್, ದಪ್ಪ ಸ್ವೆಟರಿಗೆ 3 ಅಥವಾ 5, ತೆಳುವಾದ್ದಕ್ಕೆ 12, 14. ಕುಣಿಕೆ ಹೆಚ್ಚಿಸ್ತಾ ಕಡಿಮೆ ಮಾಡ್ತಾ ತೋಳಿನ ಆಕಾರವನ್ನ ಮಷಿನ್ ಮೇಲೇ ತರಬಹುದು, ಕತ್ತರಿ ಬೇಡ. ಜಪಾನಿನ ಶಿಮಾ ಸೈಕಿ ಕಂಪನಿಯವರು 1995ರಲ್ಲೇ ಹೊಲಿಗೆನೇ ಇಲ್ಲದೆ ಇಡೀ ಉಡುಪು ಹೆಣೆಯೋ ಮಷಿನ್ ತೋರಿಸಿದ್ರು. ನಂಗಂತೂ ಇವತ್ತಿಗೂ ಇದು ಅದ್ಭುತ ಅನ್ಸುತ್ತೆ. ಲೆಕ್ಕ ಜಾಸ್ತಿ ಇರುತ್ತೆ, ಅದಕ್ಕೆ ಬೇಜಾರಾಗೋರಿಗೆ ಇದು ಬೇಡ.

ಕೆಲಸಕ್ಕೆ ಸೇರಿದ ಮೇಲೆ ದಿನಾ ಹೊಸ ಡಿಸೈನ್ ಬಿಡಿಸ್ತಾ ಇರ್ತೀವಿ ಅಂದ್ಕೋಬೇಡಿ. ಬೈಯರ್ ಕಳಿಸಿದ ಟೆಕ್ ಪ್ಯಾಕ್ (ಉಡುಪಿನ ಅಳತೆ, ಬಟ್ಟೆ, ಹೊಲಿಗೆ ಎಲ್ಲಾ ಬರೆದಿರೋ ಪಟ್ಟಿ) ಪ್ರಕಾರ ಸ್ಯಾಂಪಲ್ ಮಾಡ್ಸೋದು, ಜಿಎಸ್ಎಂ, ಅಂದ್ರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನೋದು, ಸರಿಯಿದೆಯಾ, ಒಗೆದ ಮೇಲೆ ಎಷ್ಟು ಕುಗ್ತು ನೋಡೋದು, ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆ ಕಡೆ ಬಂದಿದ್ರೆ ನೂಲಿನ ಹುರಿ ಜಾಸ್ತಿಯಾಯ್ತಾ ಅಂತ ಹುಡುಕೋದು, ಇದೇ ಹೆಚ್ಚು. ಮದುವೆ ಲೆಹೆಂಗಾ, ರ‍್ಯಾಂಪ್ ಶೋ ನಿಮ್ಮ ಕನಸಾದ್ರೆ ಫ್ಯಾಶನ್ನೇ ತಗೊಳ್ಳಿ, ಅದರಲ್ಲಿ ತಪ್ಪೇನಿಲ್ಲ.

ನಿಫ್ಟ್‌ನಲ್ಲಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಫ್ಯಾಶನ್ ಟೆಕ್ನಾಲಜಿ) ನಿಟ್‌ವೇರ್ ಡಿಸೈನಿಗೇ ಬೇರೆ ಬಿ.ಡಿಸ್ ಡಿಗ್ರಿ ಇದೆ, 4 ವರ್ಷದ್ದು, ಬೆಂಗಳೂರು ಕ್ಯಾಂಪಸ್ಸಲ್ಲೂ ಇದೆ. ಬೇರೆ ಯಾವ ಕಾಲೇಜಾದ್ರೂ ಫೀಸ್ ಕಟ್ಟೋ ಮೊದಲು ಒಂದ್ಸಲ ಹೋಗಿ ಲ್ಯಾಬ್ ನೋಡಿ. ಕಂಪ್ಯೂಟರ್ ಫ್ಲ್ಯಾಟ್ ನಿಟ್ಟಿಂಗ್ ಮಷಿನ್ ಇದೆಯಾ, ಇದ್ರೆ ಸ್ಟೂಡೆಂಟ್ಸ್ ಕೈಗೆ ಕೊಡ್ತಾರಾ ಅಂತ ಸೀನಿಯರ್ಸನ್ನೇ ಕೇಳಿ, ಆಫೀಸಲ್ಲಿ ಕೇಳಿದ್ರೆ ಎಲ್ಲರೂ ಹೌದು ಅಂತಾನೇ ಹೇಳೋದು.