ಮೇಷ್ಟ್ರನ್ನ ಕೇಳಿ: ಜನಗಣತಿಗೆ ನಾವೂ ಹೋಗಬಹುದಾ?

ಪ್ರಶ್ನೆ: ಮೇಷ್ಟ್ರೇ ನಮಸ್ಕಾರ. ನಾನು ಧಾರವಾಡದಲ್ಲಿ ಎಂ.ಎ. ಓದ್ತಾ ಇದೀನಿ. ನಾವು ಐದು ಜನ ಹುಡುಗೀರು ಸೇರಿ ಒಂದು ಮನೆ ಬಾಡಿಗೆಗೆ ಹಿಡಿದಿದೀವಿ. 2027ರ ಜನಗಣತಿ ಮೊಬೈಲ್‌ನಲ್ಲೇ ಅಂತೆ, ಹಾಗಿದ್ರೆ ನಮ್ಮಂಥ ಸ್ಟೂಡೆಂಟ್ಸನ್ನ ಯಾಕೆ ತಗೋಬಾರದು, ಮೊಬೈಲ್ ನಮಗೆ ಟೀಚರ್‌ಗಳಿಗಿಂತ ಚೆನ್ನಾಗಿ ಬರತ್ತಲ್ವಾ? ಅರ್ಜಿ ಎಲ್ಲಿ ಹಾಕಬೇಕು? ಇನ್ನೊಂದು, ನಮ್ಮನ್ನ ಎಲ್ಲಿ ಎಣಿಸ್ತಾರೆ, ಇಲ್ಲೋ ಊರಲ್ಲೋ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊಬೈಲ್ ವಿಷಯ ಒಪ್ಪಿದೆ ಕಣಮ್ಮ, ನನಗೆ ಒಟಿಪಿ ಹುಡುಕಿಕೊಡೋಕೂ ಮೊಮ್ಮಗಳೇ ಬೇಕು. ಆದ್ರೆ ಇದು ಅರ್ಜಿ ಹಾಕಿ ಸೇರೋ ಕೆಲಸ ಅಲ್ಲ. 1948ರ ಜನಗಣತಿ ಕಾಯ್ದೆ ಪ್ರಕಾರ ಸ್ಥಳೀಯ ಸಂಸ್ಥೆಗಳು ಕೇಳಿದಾಗ ತಮ್ಮ ಸಿಬ್ಬಂದಿ ಕೊಡಲೇಬೇಕು, ಅದರಲ್ಲಿ ಬಹುಪಾಲು ಶಾಲಾ ಶಿಕ್ಷಕರೇ. ಶಿಕ್ಷಣ ಹಕ್ಕು ಕಾಯ್ದೆ ಕೂಡ ಮೇಷ್ಟ್ರುಗಳನ್ನ ಪಾಠ ಬಿಡಿಸಿ ಬೇರೆ ಕೆಲಸಕ್ಕೆ ಹಚ್ಚಬೇಡಿ ಅಂತ ಹೇಳಿ, ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇಷ್ಟಕ್ಕೆ ಮಾತ್ರ ವಿನಾಯಿತಿ ಕೊಟ್ಟಿದೆ. ನಾನು 1991, 2001, 2011 ಮೂರೂ ಗಣತಿ ಮಾಡಿದವನು, ಮೂರೂ ಸಲ ಆರ್ಡರ್ ಹೆಡ್‌ಮಾಸ್ಟರ್ ಟೇಬಲ್ ಮೇಲೆ ಬಂದು ಬಿದ್ದಿತ್ತು ಅಷ್ಟೇ, ಬರ್ತೀಯಾ ಅಂತ ಯಾರೂ ಕೇಳಲಿಲ್ಲ. ನೌಕರಿಯಲ್ಲಿರೋನು ಕೆಲಸ ತಪ್ಪಿಸ್ಕೊಂಡ್ರೆ, ಮನೆಯೋರು ಹೇಳಿದ್ದನ್ನ ಹೊರಗೆ ಬಾಯಿ ಬಿಟ್ರೆ ಹಿಡಿಯೋಕೆ ಜುಟ್ಟು ಇರತ್ತೆ, ನಿಮ್ಮಂಥೋರಿಗೆ ಇರಲ್ಲ, ಸರ್ಕಾರದ ಲೆಕ್ಕಾಚಾರ ಇದೇ ಇರಬೇಕು. ನಿಮ್ಮ ಕ್ಲಾಸಲ್ಲಿ ಕಂಪ್ಯೂಟರ್ ಚೆನ್ನಾಗಿ ಬರೋರು ಇದ್ರೆ ಒಂದು ದಾರಿ ಇದೆ, ಈ ಸಲ ತಾಂತ್ರಿಕ ಕೆಲಸಕ್ಕೆ ಅಂತ ಸುಮಾರು 18,600 ಜನರನ್ನ 550 ದಿನದ ಮಟ್ಟಿಗೆ ತಗೋಳ್ತೀವಿ ಅಂತ ಕೇಂದ್ರ ಸರ್ಕಾರ ಹೇಳಿದೆ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಸಲ ವಿಚಾರಿಸಿ ನೋಡಿ.

ಈಗ ಎರಡನೇ ಪ್ರಶ್ನೆ, ನನ್ನ ಕೇಳಿದ್ರೆ ಇದೇ ಮುಖ್ಯ. ನೀವು ಎಣಿಸೋಕೆ ಹೋಗೋದು ಹಾಗಿರಲಿ, ಮೊದಲು ನೀವು ಎಣಿಕೆಗೆ ಸಿಗಬೇಕಲ್ಲ. ಬ್ಲಾಕಲ್ಲಿ, ಅಂದ್ರೆ ಎಣಿಸೋಕೆ ಅಂತ ಒಬ್ಬೊಬ್ಬರಿಗೆ ಹಂಚಿಕೊಟ್ಟ ಮನೆಗಳ ಗುಂಪಲ್ಲಿ, ಕೈಗೆ ಸಿಗದೇ ಜಾರೋರು ಅಂದ್ರೆ ಸ್ಟೂಡೆಂಟ್ಸು. 2011ರಲ್ಲಿ ನನ್ನ ಪಕ್ಕದ ಬ್ಲಾಕಲ್ಲಿ ಒಂದು ಹಾಸ್ಟೆಲ್ ಇತ್ತು, ಅಲ್ಲಿನ ವಾರ್ಡನ್ನು ಇವರದ್ದೆಲ್ಲ ಊರಲ್ಲಿ ಬರೆಸಿರ್ತಾರೆ ಹೋಗಿ ಅಂದುಬಿಟ್ರು, ಅದೇ ಹಾಸ್ಟೆಲ್ಲಿನ ಒಬ್ಬ ಹುಡುಗನ ಮನೆ ನನ್ನ ಬ್ಲಾಕಿಗೇ ಬರ್ತಿತ್ತು, ಅಲ್ಲಿ ಅವರಮ್ಮ ಅವನು ಹಾಸ್ಟೆಲ್‌ನಾಗ ಅದಾನ್ರೀ ಸರ ಅಲ್ಲೇ ಬರೀತಾರ ಅಂದ್ರು. ಆ ಹುಡುಗ ಎರಡೂ ಕಡೆ ಇಲ್ಲ! ನನಗೆ ತಲೆಗೆ ಹೊಳೆದಿದ್ದು ರಾತ್ರಿ ಊಟ ಮಾಡುವಾಗ, ಮಾರನೇ ದಿನ ಆ ಬ್ಲಾಕಿನ ಟೀಚರಮ್ಮನ್ನ ಕರ್ಕೊಂಡು ಹಾಸ್ಟೆಲ್ಲಿಗೆ ಹೋಗಿ ರೂಮು ರೂಮು ತಿರುಗಿ ಬರೆದ್ವಿ.

ನಿಯಮ ಇಷ್ಟೇ. ಮನುಷ್ಯ ಸಾಮಾನ್ಯವಾಗಿ ಎಲ್ಲಿ ವಾಸ ಮಾಡ್ತಾನೋ ಅಲ್ಲಿ ಲೆಕ್ಕ. ರೇಷನ್ ಕಾರ್ಡು ಆಧಾರ್ ಕಾರ್ಡು ಎಲ್ಲಿದೆ ಅನ್ನೋದು ಇಲ್ಲಿ ಬರಲ್ಲ. ಹಾಸ್ಟೆಲ್‌ನಲ್ಲಿದ್ರೆ ಸಾಂಸ್ಥಿಕ ಕುಟುಂಬ ಅಂತ ಒಟ್ಟಿಗೆ ಬರೀತಾರೆ. ನಿಮ್ಮ ಥರ ಮನೆ ಮಾಡ್ಕೊಂಡಿದ್ರೆ ಕೇಳೋದು ಒಂದೇ, ಅಡುಗೆ ಒಟ್ಟಿಗೋ ಬೇರೆಬೇರೆನೋ. ಐದೂ ಜನ ಒಂದೇ ಕುಕ್ಕರ್‌ನಲ್ಲಿ ಅನ್ನ ಇಟ್ಕೊಂಡು ತಿಂತೀರಿ ಅಂದ್ರೆ ರಕ್ತಸಂಬಂಧ ಇರಲಿ ಬಿಡಲಿ ಜನಗಣತಿ ಲೆಕ್ಕದಲ್ಲಿ ನೀವು ಒಂದೇ ಕುಟುಂಬ, ನಿಮ್ಮಲ್ಲೇ ಒಬ್ಬಳು ಯಜಮಾನಿ ಆಗಬೇಕು. (ಬಾಡಿಗೆ ವಸೂಲಿ ಮಾಡೋಳು ಯಾರೋ ಅವಳನ್ನೇ ಮಾಡಿ.) 2027ರ ಫೆಬ್ರವರಿಯಲ್ಲಿ ಎಣಿಕೆ ಇರೋದು, ಮಾರ್ಚ್ 1ರ ಸೊನ್ನೆ ಗಂಟೆ (ಫೆಬ್ರವರಿ 28ರ ನಡುರಾತ್ರಿ 12) ಲೆಕ್ಕಕ್ಕೆ, ಮಧ್ಯೆ ನಾಲ್ಕು ದಿನ ಜಾತ್ರೆಗೆ ಅಂತ ಊರಿಗೆ ಹೋಗಿ ಬಂದ್ರೂ ಪರವಾಗಿಲ್ಲ ಲೆಕ್ಕ ಧಾರವಾಡದ್ದೇ. ಅಪ್ಪ ಅಮ್ಮಂಗೆ ಮಾತ್ರ ಮೊದಲೇ ಫೋನ್ ಮಾಡಿ ಹೇಳಿಬಿಡಿ, ಇಲ್ಲಾಂದ್ರೆ ಪ್ರೀತಿಗೆ ಅವರೂ ಬರೆಸಿಬಿಡ್ತಾರೆ.

ಇನ್ನು ಕೈ ಸುಮ್ಮನಿರಲ್ಲ ಅಂದ್ರೆ ಈ ಸಲ ಸ್ವಯಂ ಗಣತಿ ಇದೆಯಲ್ಲ, ಪೋರ್ಟಲ್‌ನಲ್ಲಿ ನಾವೇ ತುಂಬಿ ಆಮೇಲೆ ಬರೋ ಐಡಿನ ಮನೆಗೆ ಬಂದೋರಿಗೆ ತೋರಿಸೋದು, ರಜೆಗೆ ಊರಿಗೆ ಹೋದಾಗ ಅದನ್ನ ಮನೆಯೋರಿಗೆ, ಅಕ್ಕಪಕ್ಕದ ಅಜ್ಜ ಅಜ್ಜಿಯರಿಗೆ ಹೇಳಿಕೊಡಿ. ಕೂತು ಕೇಳುವಾಗ ಸ್ವಲ್ಪ ತಾಳ್ಮೆ ಇರಲಿ. 1991ರಲ್ಲಿ ಒಬ್ಬ ಮುದುಕಮ್ಮನ್ನ ಯಜಮಾನ್ರ ಹೆಸರೇನಮ್ಮ ಅಂತ ಕೇಳಿದೆ, ಸೆರಗು ಬಾಯಿಗೆ ಹಿಡ್ಕೊಂಡು ನಗ್ತಾ ಹಿತ್ತಲ ಹೀರೀಬಳ್ಳಿ, ಅದರ ಹಂದರ, ಹಂದರದ ಮೇಲಿನ ಗಿಣಿ ಎಲ್ಲಾ ಸುತ್ತಿಸಿ ಒಡಪು ಹಾಕಿ ಕೊನೆಗೆ ಹೆಸರು ಹೇಳಿದ್ಲು, ನಾನು ಗಿಣಿ ಹತ್ರಾನೇ ಪೆನ್ನು ಹಿಡ್ಕೊಂಡು ಕಾಯ್ತಾ ಕೂತಿದ್ದೆ. ಆಮೇಲೆ ಕಾಯ್ದೆ ಪುಸ್ತಕ ತೆಗೆದು ನೋಡಿದ್ರೆ 8ನೇ ಸೆಕ್ಷನ್‌ನಲ್ಲೇ ಇದೆ, ಹೆಂಗಸು ಗಂಡನ ಹೆಸರಾಗಲಿ ಸಂಪ್ರದಾಯದ ಪ್ರಕಾರ ಹೇಳಬಾರದ ಇನ್ಯಾರ ಹೆಸರಾಗಲಿ ಹೇಳಲೇಬೇಕು ಅಂತ ಒತ್ತಾಯ ಇಲ್ಲ ಅಂತ.

ಪ್ರಶ್ನೆ: ಮಗ ಅಮೆರಿಕದಲ್ಲಿ ಎಂ.ಎಸ್. ಓದ್ತಿದಾನೆ, ಇನ್ನೂ ಸ್ಟೂಡೆಂಟ್ ವೀಸಾ. ನಮ್ಮ ಮನೆ ಲೆಕ್ಕದಲ್ಲಿ ಸೇರಿಸಬಹುದಾ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ ಸ್ವಾಮಿ, ಎಣಿಕೆ ಹೊತ್ತಿಗೆ ದೇಶದಲ್ಲಿ ಇಲ್ಲದೋರನ್ನ ಇಲ್ಲಿ ಬರೆಯಲ್ಲ. ಬೇಜಾರಾಗಬೇಡಿ, 2030ರ ಏಪ್ರಿಲ್ 1ಕ್ಕೆ ಅವನು ಅಲ್ಲೇ ಇದ್ರೆ ಅವರ ಜನಗಣತಿಯಲ್ಲಿ ಎಣಿಸ್ತಾರೆ, ಅವರಿಗೆ ಪೌರತ್ವ ಇದ್ದೋರೇ ಆಗಬೇಕು ಅಂತೇನಿಲ್ಲ, ವಾಸ ಎಲ್ಲಿ ಅನ್ನೋದೇ ಲೆಕ್ಕ. 2020ರ ಅವರ ಗಣತಿ ಹೊತ್ತಿಗೆ ಕೊರೊನಾ ಬಂದು ಕಾಲೇಜುಗಳು ಮುಚ್ಚಿ ಹುಡುಗರೆಲ್ಲ ಮನೆ ಸೇರ್ಕೊಂಡಾಗಲೂ, ಮಾಮೂಲಿಯಾಗಿ ಕಾಲೇಜಿನ ಹತ್ರ ಇರೋರು ಆ ವಿಳಾಸದಲ್ಲೇ ಎಣಿಕೆ ಆಗಬೇಕು ಅಂತ ಹೇಳಿದ್ರು.

ಪ್ರಶ್ನೆ: ಸರ್, ನಾನು ಡಿಗ್ರಿ ಫೈನಲ್ ಇಯರ್. ಮನೇಲಿ ತುಳು, ಓದಿದ್ದು ಕನ್ನಡ ಮೀಡಿಯಂ. ಮಾತೃಭಾಷೆ ಯಾವುದು ಬರೆಸ್ಬೇಕು? ತುಳು ಸಂವಿಧಾನದ 8ನೇ ಪರಿಚ್ಛೇದದ ಭಾಷೆಗಳ ಪಟ್ಟಿಯಲ್ಲಿ ಇಲ್ವಲ್ಲ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ತುಳುನೇ ಬರೆಸಿ. ಪರಿಚ್ಛೇದದಲ್ಲಿ ಇದೆಯೋ ಇಲ್ವೋ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ, 2011ರಲ್ಲಿ ತುಳು ಅಂತ ಬರೆಸಿದೋರು 18.46 ಲಕ್ಷ, ಕೊಡವ ಅಂತ ಬರೆಸಿದೋರು 1.13 ಲಕ್ಷ, ಎರಡೂ ಬೇರೆಬೇರೆಯಾಗೇ ಲೆಕ್ಕಕ್ಕೆ ಬಂದಿವೆ. ಗಣತಿಯ ಅರ್ಥದಲ್ಲಿ ಮಾತೃಭಾಷೆ ಅಂದ್ರೆ ಚಿಕ್ಕಂದಿನಲ್ಲಿ ಅಮ್ಮ ನಿಮ್ಮ ಹತ್ರ ಆಡಿದ ಭಾಷೆ, ಶಾಲೇಲಿ ಕಲ್ತಿದ್ದಲ್ಲ. ಅಮ್ಮ ನೀವು ಕೂಸಾಗಿದ್ದಾಗಲೇ ತೀರ್ಕೊಂಡಿದ್ರೆ ಆಗ ಮನೇಲಿ ಆಡ್ತಿದ್ದ ಭಾಷೆ. ಎಷ್ಟೋ ಕಡೆ ನಮ್ಮಂಥ ಮೇಷ್ಟ್ರುಗಳು ಅವಸರಕ್ಕೆ ಬಿದ್ದು ಕೇಳದೇನೇ ಇಡೀ ಬೀದಿಗೆ ಕನ್ನಡ ಅಂತ ಗೀಚಿದ್ದೂ ಉಂಟು, ನಾನೂ ಒಂದೆರಡು ಮನೇಲಿ ಹಾಗೆ ಮಾಡಿ ಸೂಪರ್‌ವೈಸರ್ ಹತ್ರ ಉಗಿಸ್ಕೊಂಡಿದೀನಿ, ಅದಕ್ಕೆ ಏನು ಬರೆದ್ರಿ ಅಂತ ಒಂದು ಸಲ ತೋರಿಸೋಕೆ ಹೇಳಿ. ಕನ್ನಡಕ್ಕೆ ಬೇರೆ ಜಾಗ ಇರತ್ತೆ, ಮಾತೃಭಾಷೆ ಆದ್ಮೇಲೆ ಗೊತ್ತಿರೋ ಇನ್ನೆರಡು ಭಾಷೆ ಕೇಳೋದು ರೂಢಿ, ಚೆನ್ನಾಗಿ ಬರೋದನ್ನ ಮೊದಲು ಹೇಳಬೇಕು.